ನಡುವೆ ಬಂದ ಕೆ

ಏಕಸಂಬಿಯ ಚಂದ್ರಮತಿ ಮನೆಯಲ್ಲೇ ಓದಿ ಹತ್ತನೆಯ ತರಗತಿಯ ಬೇರೆಲ್ಲ ವಿಷಯ ಪಾಸು ಮಾಡಿದ್ದಳು. ಗಣಿತವೊಂದೇ ಕೈ ಕೊಟ್ಟಿತ್ತು. ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ಪ್ರಾಜಕ್ತಾ, ತಾನೇ ಕಲಿಸುತ್ತೇನೆಂದು ಹುಮ್ಮಸ್ಸಿನಲ್ಲಿ ಮಾತು ಕೊಟ್ಟು ಈಗ ಹಲ್ಲು ಕಡಿಯುತ್ತಿದ್ದಳು.

“ಎಕ್ಸ್, ವಾಯ್ ಎರಡಕ್ಕ ಮೂರರ ಅನುಪಾತದಾಗ ಅದಾವ. ಕೂಡಿಸಿದ್ರ ನಲವತ್ತ. ಎಕ್ಸ್ ಎಷ್ಟ?”

“ಎರಡ.”

“ಎರಡ ಅಲ್ಲವ್ವಾ!”

“ನೀನ ಈಗ ಎರಡ ಅಂದಿ ನೋಡ.”

“ಎರಡ ಪಾಲು ಅಂದೆ. ಒಂದ ಪಾಲು ಎಷ್ಟಂತ ಗೊತ್ತಿಲ್ಲ, ಅದಕ್ಕ ಕೆ ಅನ್ನೂಣು. ಎಕ್ಸ್ ಅಂದ್ರ ಎರಡ ಕೆ, ವಾಯ್ ಅಂದ್ರ ಮೂರ ಕೆ.”

“ಈ ಕೆ ಎಲ್ಲಿಂದ ಬಂತ ಬೇ? ಇದ್ದ ಇಬ್ಬರನ್ನ ಸಂಭಾಳಿಸೂದ ಆಗವಲ್ದು, ನಡುವ ಇನ್ನೊಂದನ್ನ ಕರಕೊಂಡ ಬಂದಿ!”

“ಎಕ್ಸ್ ತಗದು ಆ ಜಾಗಾದಾಗ ಎರಡ ಕೆ ಇಡಬೇಕ. ಅದಕ್ಕ ಆದೇಶ ಅಂತಾರ.”

“ಯಾರ ಆದೇಶ?”

ಪ್ರಾಜಕ್ತಾ ಪೆನ್ಸಿಲನ್ನು ಗೋಡೆಗೆ ಬೀಸಿ ಒಗೆದಳು. “ನಿನಗ ಈ ಜನ್ಮದಾಗ ಗಣಿತ ಬರೂದಿಲ್ಲ!”

ಚಂದ್ರಮತಿಯ ಮುಖ ಸಣ್ಣದಾಯಿತು. “ನಮ್ಮ ಮಾಸ್ತರೂ ಹಿಂಗ ಅಂದಿದ್ರು. ಮರುದಿನದಿಂದ ನಾ ಸಾಲಿಗೆ ಹೋಗಲಿಲ್ಲ.”

ಪ್ರಾಜಕ್ತಾಳಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಸಿಟ್ಟೇನೂ ಇಳಿದಿರಲಿಲ್ಲ, ಆದರೂ ಎದ್ದು ಹೋಗಿ ಪೆನ್ಸಿಲ್ ಹುಡುಕಿ ತಂದಳು. ಎರಡು ಕೆ, ಮೂರು ಕೆ ಸೇರಿ ಐದು ಕೆ; ಐದು ಕೆ ನಲವತ್ತಾದರೆ ಕೆ ಎಂಟು; ಎಕ್ಸ್ ಹದಿನಾರು, ವಾಯ್ ಇಪ್ಪತ್ನಾಲ್ಕು. ಗಂಟಲು ಒಣಗುವವರೆಗೆ ಹೇಳಿದಳು. ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ ಅವ್ವ ಗೊಣಗುತ್ತಲೇ ತಾನಾಗಿ ಬಿಡಿಸತೊಡಗಿದಳು.

ಪರೀಕ್ಷೆಯ ದಿನ ಪ್ರಾಜಕ್ತಾ ಚಿಕ್ಕೋಡಿಯ ಕೇಂದ್ರದ ಗೇಟಿನಲ್ಲಿ ಕಾಯುತ್ತಿದ್ದಳು. ಚಂದ್ರಮತಿ ಕೆಂಡದಂತಾಗಿ ಹೊರಬಂದಳು. “ಎಕ್ಸ್ ಬರಲೇ ಇಲ್ಲ! ಎಮ್ ಮತ್ತ ಎನ್ ಕೊಟ್ಟಿದ್ರು.”

“ಅಯ್ಯೋ, ಎಲ್ಲಾ ಒಂದ ಅವ್ವಾ! ಬಿಟ್ಟ ಬಂದ್ಯಾ?”

“ಯಾಕ ಬಿಡ್ಲಿ? ಎಮ್ ತಗದು ಎಕ್ಸ್ ಇಟ್ಟೆ, ಎನ್ ತಗದು ವಾಯ್ ಇಟ್ಟೆ. ಲೆಕ್ಕಾ ಮಾಡಿ, ಕೆಳಗ ಮತ್ತ ಅವರ ಅಕ್ಷರಾ ಅವರಿಗೆ ತಿರುಗಿ ಕೊಟ್ಟೆ.”

ಬೈಯಲು ಬಾಯಿ ತೆರೆದ ಪ್ರಾಜಕ್ತಾ ನಕ್ಕುಬಿಟ್ಟಳು. ಆದೇಶವೆಂದರೆ ಅದೇ ತಾನೆ? ಊರಿನ ಬಸ್ಸು ಹತ್ತುವವರೆಗೂ ಅವಳಿಗೆ ನಗು ತಡೆಯಲಾಗಲಿಲ್ಲ.

ಚಂದ್ರಮತಿ ಪಾಸಾದಳು. ಮಗಳೇ ಕಲಿಸಿದ್ದೆಂದು ಓಣಿಗೆಲ್ಲ ಪೇಢೆ ಹಂಚಿದಳು. ಸಂಜೆ ಪಕ್ಕದ ಮನೆಯ ಕಾಂಚನ ಗಣಿತದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ನನಗೂ ಹೇಳಿಕೊಡ ಪ್ರಾಜಕ್ತಾ. ನನಗ ಕೂಡಿಸೂದು-ಕಳಿಯೂದೂ ಬರೂದಿಲ್ಲ.”

ಪ್ರಾಜಕ್ತಾ ಹಣೆ ಚಚ್ಚಿಕೊಂಡು, “ಒಳಗ ಬಾ” ಎಂದಳು.