ಕೊಟ್ರವ್ವ ಫೋನ್ ಬಂದ್ ಮಾಡಿದ್ದು

ಹರಿಹರದ ಹಾಲಸ್ವಾಮಿ ಮೂವತ್ತು ವರ್ಷಗಳಿಂದ ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುವವರು. ಅವರೂ ಹೆಂಡತಿ ಕೊಟ್ರವ್ವನವರೂ ಮೊದಲ ಸಲ ವಿಮಾನ ಹತ್ತುವವರಿದ್ದರು, ಬೆಂಗಳೂರಿನಿಂದ ಕಾಶಿ ಯಾತ್ರೆಗೆ. ವಿಮಾನದೊಳಗೆ ಫೋನ್ ಬಂದ್ ಮಾಡಬೇಕೆಂದು ಗಂಡ ಹೇಳಿದಾಗ ಕೊಟ್ರವ್ವ ಒಪ್ಪಲಿಲ್ಲ. ಮನೆಯ ಎಮ್ಮೆ ಇಂದೋ ನಾಳೆಯೋ ಈಯುವಂತಿತ್ತು. ಅದನ್ನು ನೋಡಿಕೊಳ್ಳಲು ಹದಡಿಯಿಂದ ಬಂದಿದ್ದ ತಂಗಿ ಉಡಚಮ್ಮ ಯಾವ ಗಳಿಗೆಯಲ್ಲಾದರೂ ಫೋನ್ ಮಾಡಬಹುದಿತ್ತು. ಅಂಗೈಯಷ್ಟೂ ಇಲ್ಲದ ಬಟನ್ ಫೋನು ಅಷ್ಟು ದೊಡ್ಡ ವಿಮಾನಕ್ಕೆ ಏನು ಮಾಡೀತು ಎಂಬುದು ಅವರ ವಾದ.

ಹಾಲಸ್ವಾಮಿ ಪಡಸಾಲೆಗೆ ಆಂಪ್ಲಿಫೈಯರ್ ತಂದು, ಸ್ಪೀಕರ್ ಜೋಡಿಸಿ, ಹೆಂಡತಿಯ ಫೋನನ್ನು ಮೈಕಿನ ವೈರಿನ ಪಕ್ಕ ಇಟ್ಟರು. ಆಮೇಲೆ ತಮ್ಮ ಫೋನಿನಿಂದ ಅದಕ್ಕೆ ಕರೆ ಮಾಡಿದರು. ರಿಂಗ್ ಆಗುವುದಕ್ಕೂ ಮೊದಲೇ ಸ್ಪೀಕರು ಟರ್ರ್ ಟರ್ರ್ ಎಂದು ಒದರಿತು. ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಓಡಿತು.

“ಪೈಲಟ್ ಕಿವ್ಯಾಗೂ ಇಂಥದ್ದೇ ಸ್ಪೀಕರ್ ಇರ್ತೈತೆ. ಕೆಳಗಿನ ಏರ್‌ಪೋರ್ಟಿನೋರು ಇಳಿಯೋ ದಾರಿ ಹೇಳೋ ಹೊತ್ನಾಗ ಅವ್ರಿಗೆ ಇದು ಕೇಳಿದ್ರೆ ಹೆಂಗೆ?” ಎಂದರು.

ಕೊಟ್ರವ್ವ ವಿಮಾನದಲ್ಲಿ ಬೆಲ್ಟ್ ಕಟ್ಟಿಕೊಳ್ಳುವುದಕ್ಕೂ ಮೊದಲೇ ಫೋನ್ ಬಂದ್ ಮಾಡಿದರು.

ಅವರ ಪಕ್ಕ ಕೂತವನು ಅದೇ ಯಾತ್ರೆಗೆ ಬಂದಿದ್ದ ದಾವಣಗೆರೆಯ ಬಟ್ಟೆ ವ್ಯಾಪಾರಿ ಬಕ್ಕೇಶ್. ವಿಮಾನ ಇಳಿಯತೊಡಗಿದಾಗ ಆತ ಫೋನ್ ತೆಗೆದು ಸಿಗ್ನಲ್ ಹುಡುಕತೊಡಗಿದ. ಹಾಲಸ್ವಾಮಿಗೆ ನಿದ್ದೆ ಹತ್ತಿತ್ತು.

“ಅಣ್ಣಾರೆ, ಅದನ್ನ ಬಂದ್ ಮಾಡ್ರಿ. ಪೈಲಟ್ ಕಿವ್ಯಾಗ ಟರ್ರ್ ಅಂತೈತೆ,” ಎಂದರು ಕೊಟ್ರವ್ವ.

ಬಕ್ಕೇಶ್ ನಕ್ಕ. ಹಾಗೆಂದು ಯಾರು ಹೇಳಿದರು ಎಂದು ಕೇಳಿದ. ಕೊಟ್ರವ್ವ ಬೆಕ್ಕು ಓಡಿದ್ದನ್ನೂ ಬಿಡದೆ ಎಲ್ಲ ಹೇಳಿದರು. ಕೇಳುತ್ತ ಕೇಳುತ್ತ ಆತ ಫೋನ್ ಬಂದ್ ಮಾಡಿ ಜೇಬಿಗಿಟ್ಟ.

ಜನ ವಿಮಾನದಿಂದ ಇಳಿಯುವಾಗ ಪೈಲಟ್ ಬಾಗಿಲಲ್ಲಿ ನಿಂತಿದ್ದರು. ಬಕ್ಕೇಶ್ ತಡೆಯಲಾರದೆ ಆ ಟರ್ರ್ ಸದ್ದಿನ ಬಗ್ಗೆ ಹಿಂದಿಯಲ್ಲಿ ಕೇಳಿಯೇಬಿಟ್ಟ. ಆ ಸದ್ದು ಒಮ್ಮೊಮ್ಮೆ ತಮಗೂ ಕೇಳುವುದುಂಟು, ಅದರಿಂದ ವಿಮಾನ ಬೀಳುವುದಿಲ್ಲ, ಆದರೆ ಇಳಿಯುವ ಹೊತ್ತಿನಲ್ಲಿ ಒಂದು ಮಾತು ತಪ್ಪಿದರೂ ಕಷ್ಟ ಎಂದರು ಪೈಲಟ್. ನಿಮಗೆ ಇದನ್ನು ಯಾರು ಹೇಳಿದರು ಎಂದು ಅವರು ಕೇಳಿದಾಗ ಬಕ್ಕೇಶ್ ಕೊಟ್ರವ್ವನವರ ಕಡೆ ತೋರಿಸಿದ. ಪೈಲಟ್ ಕೊಟ್ರವ್ವನವರಿಗೆ ಕೈಮುಗಿದರು.

ಹೊರಗೆ ಬಂದು ಕೊಟ್ರವ್ವ ಉಡಚಮ್ಮನಿಗೆ ಫೋನ್ ಮಾಡಿದರು. ಎಮ್ಮೆ ಇನ್ನೂ ಈದಿರಲಿಲ್ಲ, ಚೆನ್ನಾಗಿ ಮೇವು ತಿನ್ನುತ್ತಿತ್ತು. ಊರೊಳಗೆ ಹೋಗುವ ಬಸ್ಸಿನಲ್ಲಿ ಬಕ್ಕೇಶ್ ಕೊಟ್ರವ್ವನವರಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ.