ಶಾಂತ ಕೊಠಡಿ

"ಇಪ್ಪತ್ತೈದು ನಿಮಿಷ ಆಯ್ತು, ಆ ಹುಡುಗಿ ಇನ್ನೂ ಪಿಪೆಟ್ಟೇ ಮುಟ್ಟಿಲ್ವಲ್ರೀ!" ಎಂದರು ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು.

ರಸಾಯನಶಾಸ್ತ್ರದ ಮೇಡಂ ಗಡಿಯಾರ ನೋಡಿ ಅತ್ತ ಧಾವಿಸಿದರು. ಲ್ಯಾಬಿನ ಪಕ್ಕದ ಸ್ಟೋರ್ ರೂಮಿನ ಬಾಗಿಲಲ್ಲಿ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಒಳಗೆ ಬ್ಯೂರೆಟ್ಟು, ಫ್ಲಾಸ್ಕು, ದ್ರಾವಣದ ಬಾಟಲಿ ಎಲ್ಲ ಇಟ್ಟ ಹಾಗೇ ಇದ್ದವು. ಬಾಗಿಲಿಗೆ ಮೇಡಂ ತಾವೇ ಬರೆದು ಅಂಟಿಸಿದ್ದ ಚೀಟಿ: "ಶಾಂತ ಕೊಠಡಿ".

ಆಟಿಸಂ ಇರುವ ಮಕ್ಕಳಿಗೆ ಪಾಠ ಮಾಡುವುದು ಹೇಗೆಂಬ ಮೂರು ದಿನದ ತರಬೇತಿಗೆ ಹೋಗಿ ಬಂದಿದ್ದರು ಮೇಡಂ. ಬಂದವರೇ ಪ್ರಿನ್ಸಿಪಾಲರ ತಲೆ ತಿಂದು ಇವಳಿಗಾಗಿ ಈ ಕೋಣೆ ಗಿಟ್ಟಿಸಿದ್ದರು. ನಿನ್ನೆ ಅಟೆಂಡರ್ ಜೊತೆ ಸೇರಿ ಹಳೇ ಡಬ್ಬಗಳನ್ನೆಲ್ಲ ಸಾಗಿಸಿ ನೆಲ ಒರೆಸಿದ್ದೂ ಅವರೇ. ಪರೀಕ್ಷೆಯ ಬೆಳಿಗ್ಗೆ ತೋರಿಸಿ ಹುಡುಗಿಯನ್ನು ಖುಷಿಪಡಿಸೋಣ ಎಂದುಕೊಂಡಿದ್ದರು. ಖುಷಿಯಂತೆ, ಖುಷಿ! ಕಳೆದ ವರ್ಷ ಇದೇ ಪ್ರಾಕ್ಟಿಕಲ್‌ನಲ್ಲಿ ಫೇಲಾದವಳು ಅವಳು. ಈ ಸಲವೂ ಹೋದರೆ ಕಾಲೇಜು ಬಿಡಿಸುತ್ತೇನೆಂದು ಅವಳಪ್ಪ ಖಡಾಖಂಡಿತವಾಗಿ ಹೇಳಿ ಹೋಗಿದ್ದರು.

"ಏನಾಯ್ತಮ್ಮ? ಇಲ್ಲಿ ಯಾರೂ ಇಲ್ಲ, ಸದ್ದಿಲ್ಲ, ನೋಡು," ಮೇಡಂ ಪಿಸುಗುಟ್ಟಿದರು.

"ನಾಲ್ಕನೇ ಬೆಂಚು."

"ಇದೊಂದಿನ ಅಡ್ಜಸ್ಟ್ ಮಾಡ್ಕೊಳಮ್ಮ..."

"ನಾಲ್ಕನೇ ಬೆಂಚು! ವರ್ಷವೆಲ್ಲ ಅಲ್ಲೇ ಮಾಡಿದೀನಿ. ಅಲ್ಲಿ ಸಿಂಕು ಎಡಗಡೆ. ಇಲ್ಲಿ ಬಲಗಡೆ."

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಪ್ರಿನ್ಸಿಪಾಲರನ್ನು ಕೇಳಿದ್ದಾಯಿತು, ಆಫೀಸಿನವರನ್ನು ಕೇಳಿದ್ದಾಯಿತು, ಕೊನೆಗೆ ಅಟೆಂಡರನ್ನೂ ಕೇಳಿದ್ದಾಯಿತು. ಇವಳೊಬ್ಬಳನ್ನು ಕೇಳಿರಲಿಲ್ಲ. ಮೇಡಂಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

"ತಪ್ಪು ನಂದು ಸರ್," ಎಂದರು ಪರೀಕ್ಷಕರ ಹತ್ತಿರ ಹೋಗಿ. "ಅವಳ ಬೆಂಚಿಗೆ ಅವಳನ್ನ ಬಿಡಿ. ಬೇಕಾದ್ರೆ ಬರೆದು ಸಹಿ ಹಾಕಿ ಕೊಡ್ತೀನಿ."

"ಅಲ್ಲಿ ಬೇರೆಯವರಿದ್ದಾರಲ್ರೀ!"

ಅಷ್ಟರಲ್ಲಿ ನಾಲ್ಕನೇ ಬೆಂಚಿನ ವಿದ್ಯಾರ್ಥಿನಿ ತನ್ನ ಸ್ಟ್ಯಾಂಡ್ ಎತ್ತಿಕೊಂಡೇ ಬಿಟ್ಟಿದ್ದಳು. "ನಂಗೆ ಎಲ್ಲಾದ್ರೂ ನಡೆಯುತ್ತೆ ಸರ್."

"ಸರಿ, ಆದ್ರೆ ಎಕ್ಸ್‌ಟ್ರಾ ಟೈಮ್ ಮಾತ್ರ ಕೇಳ್ಬೇಡಿ," ಪರೀಕ್ಷಕರು ಗೊಣಗಿದರು.

ಹುಡುಗಿ ಕಿಟಕಿಯ ಪಕ್ಕದ ತನ್ನ ನಾಲ್ಕನೇ ಬೆಂಚಿಗೆ ಬಂದು ನಿಂತು, ಎಡಗಡೆಯ ನಲ್ಲಿ ತಿರುಗಿಸಿ, ಬ್ಯೂರೆಟ್ಟನ್ನು ಮೊದಲಿಂದ ತೊಳೆಯತೊಡಗಿದಳು. ಒಂದು ಸಲ, ಎರಡು ಸಲ, ಮೂರು ಸಲ. ಸಾಕು ಬಿಡೇ ತಾಯಿ, ಟೈಮಿಲ್ಲ ಎನ್ನಲು ಮೇಡಂ ನಾಲಿಗೆ ತುರಿಸುತ್ತಿತ್ತು. ಹುಡುಗಿ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ ಹೋದಳು. ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಬಣ್ಣ ಬಂದು ನಿಂತಿತು. ಬರೆದುಕೊಂಡಳು, ಮತ್ತೆ ಮೊದಲಿಂದ ಶುರು. ಎರಡನೇ ರೀಡಿಂಗ್ ಬರೆಯುವಷ್ಟರಲ್ಲಿ ಬೆಲ್ ಹೊಡೆಯಿತು.

ಪರೀಕ್ಷಕರು ಹಾಳೆ ತಿರುವಿದರು. "ಮೂರನೇ ರೀಡಿಂಗ್ ಇಲ್ಲ. ಆದ್ರೂ ಎರಡೂ ಕರೆಕ್ಟಾಗಿ ಹೊಂದುತ್ತೆ. ಪಾಸಿಗೆ ಅಡ್ಡಿಯಿಲ್ಲ."

ಮೇಡಂಗೆ ಹೋದ ಜೀವ ಬಂದಂತಾಯಿತು.

ಹೊರಗೆ ಕಾರಿಡಾರಿನಲ್ಲಿ ಹುಡುಗಿ ಅವರ ಮುಖ ನೋಡದೆ ಕೇಳಿದಳು: "ನಾಳೆ ಫಿಸಿಕ್ಸ್. ಅಲ್ಲೂ ಕೋಣೆ ಮಾಡಿದೀರಾ?"

"ಮಾಡಿದ್ದೆ," ಎಂದರು ಮೇಡಂ. "ಬೇಡ ಬಿಡು. ನಿಂಗೆಲ್ಲಿ ಬೇಕು ಹೇಳಮ್ಮ."

ಹುಡುಗಿ ಸೀದಾ ಫಿಸಿಕ್ಸ್ ಲ್ಯಾಬಿನೊಳಗೆ ಹೋದಳು. ಒಂದೊಂದೇ ಸ್ಟೂಲಿನ ಮೇಲೆ ಕೂತಳು, ಎದ್ದಳು. ಫ್ಯಾನ್ ಹಾಕಿದಳು, ಆರಿಸಿದಳು, ಮತ್ತೆ ಹಾಕಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಮೇಡಂ ಚಪ್ಪಲಿ ಸದ್ದು ಮಾಡದೆ ಬಾಗಿಲ ಹೊರಗೇ ಗೋಡೆಗೊರಗಿ ನಿಂತರು.