ನಂಜುಂಡಯ್ಯ ವೃತ್ತ

ರಾಜರ ಪುಣ್ಯ ನೋಡಿ. ಮೈಸೂರನ್ನು ನಾಲ್ಕು ಜನ ಕೃಷ್ಣರಾಜರು ಆಳಿದರು, ಒಬ್ಬರ ಕೀರ್ತಿ ಇನ್ನೊಬ್ಬರ ಪಾಲಾಗಲಿಲ್ಲ. ಒಂದನೆಯವರು, ಎರಡನೆಯವರು ಎಂದು ನಂಬರು ಹಾಕಿ ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ತಲಕಾಡಿನ ಗಂಗರಲ್ಲಿ ಮಾಧವರಿಗೂ ಅದೇ ಮರ್ಯಾದೆ. ನನ್ನ ಮುತ್ತಾತನಿಗೆ ಮಾತ್ರ ನಂಬರು ಹಾಕುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ಅವನ ಹೆಸರನ್ನೇ ಅರ್ಧಕ್ಕೆ ಕತ್ತರಿಸಿದರು, ಗೊಂದಲ ಅಲ್ಲಿಗೆ ಮುಗಿಯಿತು.

ಹೆಮ್ಮಿಗೆ ದಾಟಿದರೆ ಸಿಗುವ ನಮ್ಮ ತೊರೆಕೊಪ್ಪಲಿನಲ್ಲಿ ಒಂದೇ ಕಾಲಕ್ಕೆ ಇಬ್ಬರು ನಂಜುಂಡಯ್ಯ ಇದ್ದರು. ಒಬ್ಬರು ಅಗ್ರಹಾರದ ಶ್ಯಾನುಭೋಗರು, ಶಾಲೆಗೆ ಜಾಗ ಬಿಟ್ಟುಕೊಟ್ಟವರು. ಇನ್ನೊಬ್ಬ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದವನು, ನಮ್ಮ ಅಜ್ಜಿ ಚಲುವಮ್ಮನ ಅಪ್ಪ. ಇಬ್ಬರ ತಾಯಂದಿರೂ ನಂಜನಗೂಡಿಗೆ ಹರಕೆ ಹೊತ್ತು ಹೆತ್ತವರೇ. ದೇವರು ಇಬ್ಬರಿಗೂ ಒಂದೇ ಹೆಸರು ಕೊಟ್ಟ, ಊರಿನವರು ಕೊಡಲಿಲ್ಲ. ಶ್ಯಾನುಭೋಗರ ಹೆಸರು ಹಿಡಿದು ಕೇರಿಯವನನ್ನು ಕರೆಯುವುದುಂಟೇ? ಹಾಗಾಗಿ ಅವನು ನಂಜ ಆದ.

ಅರವತ್ತೊಂದರ ದೊಡ್ಡ ನೆರೆಯಲ್ಲಿ ಈ ನಂಜ ಊರಿನ ಅರ್ಧ ಜನರನ್ನು ದಿಣ್ಣೆಗೆ ಸಾಗಿಸಿದ. ಕೊನೆಯ ಸಲ ಹೋದವನು ವಾಪಸು ಬರಲಿಲ್ಲ.

ಹದಿನೈದು ವರ್ಷದ ಹಿಂದೆ ಪಂಚಾಯ್ತಿಯವರು ಬಸ್‌ಸ್ಟಾಪಿನ ಹತ್ತಿರ ‘ನಂಜುಂಡಯ್ಯ ವೃತ್ತ’ ಎಂದು ಕಬ್ಬಿಣದ ಬೋರ್ಡು ನೆಟ್ಟರು. ಯಾವ ನಂಜುಂಡಯ್ಯ ಎಂದು ಯಾರೂ ಕೇಳಲಿಲ್ಲ. ಅಗ್ರಹಾರದವರು ತಮ್ಮವರೆಂದುಕೊಂಡು ಶ್ಯಾನುಭೋಗರ ತಿಥಿಗೆ ಹಾರ ಹಾಕಿದರು. ನಾವು ನಮ್ಮವನೆಂದುಕೊಂಡು ಅಂಬೇಡ್ಕರ್ ಜಯಂತಿಯಂದು ಹಾರ ಹಾಕಿದೆವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರೂ ಜಾಣರು, ಸುಮ್ಮನಿದ್ದರು.

ಈ ವರ್ಷ ಶ್ಯಾನುಭೋಗರ ಮರಿಮಗ ಹರಿಪ್ರಸಾದ್ ಅವರಿಗೆ ಆ ಬೋರ್ಡಿನ ಮೇಲೊಂದು ಫೋಟೋ ಇರಬೇಕು ಅನ್ನಿಸಿತು. ಮೈಸೂರಿನ ಯಾವುದೋ ಕಾಲೇಜಿನಲ್ಲಿ ಪಾಠ ಮಾಡುವವರು, ಸುಮ್ಮನಿರಲು ಬರುವುದಿಲ್ಲ. ಅವರ ಮನೆಯಲ್ಲಿ ಪೇಟ ಸುತ್ತಿ ಕುರ್ಚಿಯಲ್ಲಿ ಕೂತ ಶ್ಯಾನುಭೋಗರ ದೊಡ್ಡ ಪಟವಿದೆ. ನಮ್ಮ ಮುತ್ತಾತನ ಫೋಟೋ ಯಾರು ತೆಗೆದಿದ್ದರು?

ಭಾನುವಾರ ಬೆಳಿಗ್ಗೆ ನಾನು ತಾಂಡ್ಯದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಹೊರಗೆ ಬರುತ್ತಿದ್ದಂತೆ ತಮ್ಮ ಸಿದ್ದು ಫೋನ್ ಮಾಡಿದ.

“ಅಕ್ಕ, ಫ್ಲೆಕ್ಸು ಬಂದ್ಬುಟ್ಟೈತೆ. ಪೇಟ ಸುತ್ಕಂಡು ಕುಂತವ್ನೆ ಶ್ಯಾನುಬೋಗ. ಅದೇನಾದ್ರೂ ಮೇಲಕ್ಕೋದ್ರೆ ನಾವು ಸುಮ್ನಿರಕಿಲ್ಲ ಕಣಕ್ಕ.”

“ಅಜ್ಜಿ ಎಲ್ಲಿ?”

“ಬೋರ್ಡಿನ ಕಂಬ ತಬ್ಕಂಡು ಕುಂತವ್ಳೆ. ಏಳಕಿಲ್ಲ ಅಂತಾವ್ಳೆ.”

ಸಿದ್ದುವಿನ ಕೋಪ ನನಗೆ ಗೊತ್ತು, ನನ್ನದೂ ಅದೇ ರಕ್ತ. ಅಲ್ಲಿಂದಲೇ ನರಸೀಪುರದ ಬಸ್ಸು ಹತ್ತಿದೆ. ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಸಂಗಮ ಕಂಡಿತು. ನಂಜನಗೂಡಿನಿಂದ ಅಷ್ಟು ದೂರ ಹರಿದು ಬಂದ ಕಪಿಲೆ ಇಲ್ಲಿ ಕಾವೇರಿಗೆ ಸೇರುತ್ತಾಳೆ, ಅಲ್ಲಿಂದಾಚೆ ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ. ಬೇರೆ ದಿನವಾಗಿದ್ದರೆ ಕೈಮುಗಿಯುತ್ತಿದ್ದೆ. ಅವತ್ತು ಅದನ್ನು ನೋಡಿಯೂ ಸಿಟ್ಟೇ ಬಂತು.

ಊರು ಮುಟ್ಟಿದಾಗ ಬಿಸಿಲು ಏರಿತ್ತು. ವೃತ್ತದಲ್ಲಿ ಪೊಲೀಸ್ ಜೀಪು ನಿಂತಿತ್ತು. ಅದರ ಹಿಂದೆ ಒಂದು ಟೆಂಪೋ, ಟೆಂಪೋದಲ್ಲಿ ಒರಗಿಸಿ ನಿಲ್ಲಿಸಿದ ಫ್ಲೆಕ್ಸು. ಅರಳಿಕಟ್ಟೆಯ ಮೇಲೆ ಅಗ್ರಹಾರದವರು, ಬಸ್‌ಸ್ಟಾಪಿನ ನೆರಳಿನಲ್ಲಿ ನಮ್ಮ ಹುಡುಗರು. ಆ ಹುಡುಗರ ಬೆನ್ನಿಗೇ ರಸ್ತೆ ರಿಪೇರಿಗೆ ತಂದ ಜಲ್ಲಿ ರಾಶಿ. ನಡುವೆ ಕಂಬದ ಬುಡದಲ್ಲಿ ನಮ್ಮಜ್ಜಿ, ಎಪ್ಪತ್ತು ದಾಟಿದ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಳು.

ಸಬ್‌ಇನ್ಸ್‌ಪೆಕ್ಟರ್ ರವಿಚಂದ್ರ ಟೋಪಿ ತೆಗೆದು ಬೆವರು ಒರೆಸಿಕೊಂಡರು. “ನೋಡಿ, ಇವತ್ತಿಗೆ ಇದು ಮುಗೀಬೇಕು. ಮತ್ತೆ ಮತ್ತೆ ಬರೋಕ್ಕೆ ನಂಗೆ ಬೇರೆ ಕೆಲಸ ಇಲ್ವಾ? ನಿಮ್ಮ ಕಡೆಯವರ ಹೆಸರು ನಂಜುಂಡಯ್ಯ ಅನ್ನೋಕೆ ಏನಿದೆ?” ಎಂದು ನಮ್ಮಜ್ಜಿಯನ್ನು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಹರಿಪ್ರಸಾದ್ ಮುಂದೆ ಬಂದರು. ಮೆತ್ತಗಿನ ದನಿ. “ಸರ್, ನನಗೆ ಯಾರ ಮೇಲೂ ದ್ವೇಷವಿಲ್ಲ. ಹರಿಗೋಲಿನ ನಂಜ ಮಾಡಿದ ಉಪಕಾರ ನಮ್ಮನೇಲಿ ಯಾರೂ ಮರೆತಿಲ್ಲ. ಬೇಕಾದ್ರೆ ಹೊಳೆ ಹತ್ತಿರ ‘ನಂಜನ ಕಟ್ಟೆ’ ಅಂತ ನಾನೇ ಒಂದು ಬೋರ್ಡ್ ಹಾಕಿಸ್ತೀನಿ. ಆದ್ರೆ ಈ ಹೆಸರು ಅವನದಲ್ಲ. ಪಹಣಿಯಲ್ಲಿ ನಂಜ, ಓಟಿನ ಪಟ್ಟಿಯಲ್ಲಿ ನಂಜ. ಊರಲ್ಲಿ ಯಾರನ್ನಾದರೂ ಕೇಳಿ, ನಂಜ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೆಸರನ್ನು ಕತ್ತರಿಸಿದವರೇ ಈಗ ಕತ್ತರಿಸಿದ ತುಂಡನ್ನು ತೋರಿಸಿ, ನೋಡಿ ಇಷ್ಟೇ ಉದ್ದ ಇತ್ತು ಅಂದರೆ ಏನನ್ನಬೇಕು?

ಅಜ್ಜಿ ಕಂಬ ಹಿಡಿದುಕೊಂಡು ಎದ್ದಳು.

“ಸಾ, ನಾನೇಳ್ತೀನಿ ಕೇಳಿ. ನಮ್ಮವ್ವ ಗಂಡನ ಎಸ್ರು ಎತ್ತುತಿರಲಿಲ್ಲ. ಕೇರಿಯೋರು ಬಾವ, ಮಾವ ಅಂತಿದ್ರು. ಊರೋರು ನಂಜ ಅಂತಿದ್ರು. ನಾನೂವೆ ನಮ್ಮಪ್ಪನ ಎಸ್ರು ನಂಜ ಅಂತ್ಲೇ ತಿಳ್ಕಂಡಿದ್ದೆ. ದೊಡ್ಡ ಒಳೆ ಬಂದಾಗ ನಂಗೆ ಏಳೊರ್ಸ. ಅರಿಗೋಲಲ್ಲಿ ಅಪ್ಪನ ಕಾಲತ್ರ ಕುಂತಿದ್ದೆ. ಶ್ಯಾನುಬೋಗರ ಮನೆ ಎಂಚಿನ ಮೇಲಿಂದ ಒಂದು ಎಣ್ಣು ಕೂಗ್ತು, ನಂಜುಂಡಯ್ಯಾ ಅಂತ. ನಮ್ಮಪ್ಪ ತಿರುಗಿ ನೋಡ್ದ. ಆವತ್ತೇ ನಂಗೆ ನಮ್ಮಪ್ಪನ ಎಸ್ರು ಗೊತ್ತಾಗಿದ್ದು.”

“ಯಾರಮ್ಮ ಕೂಗಿದ್ದು?”

“ಚಂಪಕಮ್ಮಾರು.”

ಅರಳಿಕಟ್ಟೆಯ ಮೇಲೆ ಎಲ್ಲರೂ ಗೊಳ್ಳೆಂದು ನಕ್ಕರು. ನಗು ಬರುವ ಮಾತೇ, ನನಗೂ ಗೊತ್ತಿತ್ತು. ಚಂಪಕಮ್ಮ ಹರಿಪ್ರಸಾದರ ಅಜ್ಜಿ, ಶ್ಯಾನುಭೋಗರ ಸೊಸೆ. ಮಾವನ ಹೆಸರನ್ನು ಎತ್ತದ ಸೊಸೆಯೆಂದು ಸುತ್ತ ಹತ್ತೂರಿಗೆ ಹೆಸರಾದವರು. ದೇವರನ್ನು ಅವರು ಶ್ರೀಕಂಠ ಎನ್ನುತ್ತಿದ್ದರೇ ಹೊರತು ನಂಜುಂಡ ಎಂದದ್ದಿಲ್ಲ. ಮಾವನ ಹೆಸರಿನ ಮೊದಲಕ್ಷರಗಳು ಬರುತ್ತವಲ್ಲ ಎಂದು ನಂಜನಗೂಡನ್ನೂ ಅನ್ನುತ್ತಿರಲಿಲ್ಲ. ಬಸ್ಸಿನಲ್ಲಿ “ಗರಳಪುರಿಗೆ ಒಂದು ಟಿಕೆಟ್ಟು ಕೊಡಪ್ಪ” ಎಂದು ಕೇಳಿ, ಹೊಸ ಕಂಡಕ್ಟರು ಅಂಥ ಊರೇ ಇಲ್ಲ ಎಂದು ಇಳಿಸಿಬಿಟ್ಟದ್ದು ಇಂದಿಗೂ ಊರಲ್ಲಿ ತಮಾಷೆಯ ಮಾತು. ಅಂಥವರು ಮನೆಯ ಹೆಂಚಿನ ಮೇಲೆ ಮಾವನ ಎದುರಿಗೇ ಆ ಹೆಸರನ್ನು ಕೂಗಿದರಂತೆ!

ಹರಿಪ್ರಸಾದ್ ಮಾತ್ರ ನಗಲಿಲ್ಲ. ಗೆದ್ದವರ ಸಮಾಧಾನದಲ್ಲಿ, “ಸರ್, ಅಜ್ಜಿ ಮನೇಲೇ ಇದ್ದಾರೆ. ಕರೆಸ್ತೀನಿ. ಅವರು ಹೂಂ ಅಂದ್ರೆ ನಾನು ಇನ್ನೊಂದು ಮಾತಾಡೋಲ್ಲ” ಎಂದರು.

ಕಾರು ಹೋಯಿತು. ನಾನು ಅಜ್ಜಿಯ ಕೈ ಹಿಡಿದುಕೊಂಡೆ.

“ಅವರು ಇಲ್ಲ ಅಂದ್ರೆ, ಅಜ್ಜಿ?”

“ಇಲ್ಲ ಅಂದ್ರೆ ನಮ್ಮಪ್ಪ ಒಳೆಗೋದಂಗೆ ಎಸ್ರೂ ಓಯ್ತು ಅನ್ಕತೀನಿ. ಪಟ ಬ್ಯಾಡ ಕಣವ್ವಾ. ಅವನ ಮೊಕ ನಂಗೇ ಮರ್ತೋಗದೆ. ಎಸ್ರೊಂದು ಇರ್ಲಿ.”

ಸಿದ್ದು ಬಗ್ಗಿ ರಾಶಿಯಿಂದ ಒಂದು ಜಲ್ಲಿಕಲ್ಲು ಎತ್ತಿಕೊಂಡ. ಅವನನ್ನು ನೋಡಿ ಇನ್ನಿಬ್ಬರೂ ಬಗ್ಗಿದರು. ಒಬ್ಬ ಕಾನ್‌ಸ್ಟೇಬಲ್ ಲಾಠಿಯನ್ನು ಬಲಗೈಗೆ ಬದಲಿಸಿಕೊಂಡ. ನಾನು ಓಡಿಹೋಗಿ ಸಿದ್ದುವಿನ ಮಣಿಕಟ್ಟು ಹಿಡಿದೆ.

“ಕೆಳಗಾಕೋ.”

“ಬಿಡಕ್ಕ. ಆವಮ್ಮ ಇಲ್ಲ ಅಂತಾಳೆ ನೋಡ್ತಿರು. ಅವರ ಮನೇದು ಅವರು ಬಿಟ್ಕೊಡ್ತಾರಾ?”

ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಅವನ ಕೈ ಬಿಡಲಿಲ್ಲ, ಅಷ್ಟೇ.

ಕಾರಿನಿಂದ ಚಂಪಕಮ್ಮ ಇಳಿದರು. ಎಂಬತ್ತು ದಾಟಿದ ತೆಳ್ಳಗಿನ ಹೆಂಗಸು, ಕೈಯಲ್ಲಿ ಊರುಗೋಲು. ಎರಡು ಹೆಜ್ಜೆ ಇಟ್ಟು ತಲೆಯೆತ್ತಿದವರಿಗೆ ಎದುರಿಗೇ ಟೆಂಪೋದಲ್ಲಿ ಆಳೆತ್ತರದ ಮಾವ ಕಂಡರು. ಅಲ್ಲೇ ನಿಂತುಬಿಟ್ಟರು. ಸರಕ್ಕನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ತಗ್ಗಿಸಿದರು. ಸತ್ತು ನಲವತ್ತು ವರ್ಷವಾದ ಮಾವನ ಫ್ಲೆಕ್ಸಿಗೂ ಹೆದರುವ ಈ ಹೆಂಗಸು ಏನು ಸಾಕ್ಷಿ ಹೇಳೀತು ಎಂದು ನನಗೆ ನಿರಾಸೆಯಾಯಿತು.

ರವಿಚಂದ್ರ ಎಲ್ಲವನ್ನೂ ವಿವರಿಸಿ ಕೇಳಿದರು. ಚಂಪಕಮ್ಮ ನೆಲ ನೋಡುತ್ತ ನಿಂತಿದ್ದರು. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಕ್ಕರು. ಹರಿಪ್ರಸಾದ್ “ಹೇಳಿ ಅಜ್ಜಿ, ಇಲ್ಲ ಅಂದ್ಬಿಡಿ, ಮನೆಗೆ ಹೋಗೋಣ” ಎಂದು ಮೊಣಕೈ ಹಿಡಿದರು.

ಅವರು ಮೊಣಕೈ ಬಿಡಿಸಿಕೊಂಡು ನಮ್ಮಜ್ಜಿಯ ಹತ್ತಿರ ಬಂದರು.

“ನೀನು ಅವತ್ತು ಹರಿಗೋಲಲ್ಲಿ ಇದ್ದೆಯಾ?”

“ಇದ್ದೆ ಕಣ್ರವ್ವಾ. ನಿಮ್ ಕಂಕುಳಲ್ಲಿ ಕೂಸಿತ್ತು. ಕೆಂಪು ದುಪ್ಪಟಿ ಸುತ್ತಿದ್ರಿ.”

“ಆ ಕೂಸೇ ಇವನಪ್ಪ,” ಎಂದು ಚಂಪಕಮ್ಮ ಹರಿಪ್ರಸಾದರತ್ತ ಊರುಗೋಲು ತೋರಿಸಿದರು. ಆಮೇಲೆ ಸಬ್‌ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ನಾನು ಮದುವೆಯಾಗಿ ಬಂದಾಗ ನನ್ನನ್ನ ಹೊಳೆ ದಾಟಿಸಿದ್ದು ಅವನೇ. ಏನಪ್ಪಾ ನಿನ್ನ ಹೆಸರು ಅಂತ ಕೇಳಿದೆ. ಪೂರ್ತಿ ಹೆಸರು ಹೇಳಿದ. ನಮ್ಮತ್ತೆ ಅಲ್ಲೇ ಗದರಿದ್ರು, ನಂ... ಅಂದ್ರೆ, ಆ ಮೊಟಕು ಹೆಸರು ಹೇಳೋ ಅಂತ. ತಲೆ ತಗ್ಗಿಸಿ ನಕ್ಕ. ನಾನು ಮರೀಲಿಲ್ಲ.

“ನೆರೆ ಬಂದ ಬೆಳಿಗ್ಗೆ ನಾವೆಲ್ಲ ಹೆಂಚಿನ ಮೇಲಿದ್ವಿ. ಅವನ ಹರಿಗೋಲು ತುಂಬಿತ್ತು, ದಿಣ್ಣೆ ಕಡೆ ಹೊರಟಿದ್ದ. ಮಾವನವರು ಆ ಮೊಟಕು ಹೆಸರು ಹಿಡಿದು ಕೂಗಿದ್ರು, ಲೋ ಲೋ ಅಂತ. ಅವನು ತಿರುಗಲಿಲ್ಲ. ಕೇಳಿಸಲಿಲ್ವೋ ಏನೋ, ನಾನರಿಯೆ. ನೀರು ಸೂರು ಮುಟ್ಟಿತ್ತು. ಕೂಸು ಅಳೋದನ್ನ ನಿಲ್ಲಿಸಿಬಿಟ್ಟಿತ್ತು. ಆಗ ನಾನು ಕೂಗಿದೆ.”

“ಅಜ್ಜಿ,” ಹರಿಪ್ರಸಾದರ ದನಿ ಒಣಗಿತ್ತು, “ನೀವು ಗಾಬರೀಲಿ ಮುತ್ತಾತನನ್ನೇ ಕರೆದಿರಬಹುದಲ್ಲ?”

“ನಿನ್ನ ಮುತ್ತಾತ ನನ್ನ ಪಕ್ಕದಲ್ಲೇ ಕೂತಿದ್ರು ಕಣೋ. ಪಕ್ಕದಲ್ಲಿರೋರನ್ನ ಯಾರಾದ್ರೂ ಹೊಳೆ ಕಡೆ ತಿರುಗಿ ಕರೀತಾರಾ? ಮಾವನ್ನ ಹೆಸರು ಹಿಡಿದು ಕರೆಯೋಳಾ ನಾನು?”

ಕಟ್ಟೆಯ ಮೇಲೆ ಈಗ ಯಾರೂ ನಗುತ್ತಿರಲಿಲ್ಲ.

“ನಮ್ಮನ್ನೆಲ್ಲ ದಿಣ್ಣೆ ಮುಟ್ಟಿಸಿದ. ಆಮೇಲೆ ಮಾವನವರಿಗೆ ದೇವರ ಪೆಟ್ಟಿಗೆ ಜ್ಞಾಪಕ ಬಂತು. ಹೋಗಿ ತಾರೋ ಅಂದ್ರು, ಅದೇ ಮೊಟಕು ಹೆಸರು ಹಿಡಿದು. ಬೇಡ ಅನ್ನೋ ಧೈರ್ಯ ನನಗಿರಲಿಲ್ಲ. ಹೋದ. ಪೆಟ್ಟಿಗೆಯಲ್ಲಿದ್ದ ದೇವರ ಹೆಸರೂ ಅದೇ, ಕಳಿಸಿದವರ ಹೆಸರೂ ಅದೇ, ಹೋದವನ ಹೆಸರೂ ಅದೇ. ಮುಳುಗಿದ್ದು ಒಬ್ಬನೇ.” ಅವರು ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು. “ನೀರು ಇಳಿದ ಮೇಲೆ ನಮ್ಮತ್ತೆ ನನ್ನನ್ನ ಗರಳಪುರಿಗೆ ಕರ್ಕೊಂಡು ಹೋಗಿ ಕಪಿಲೇಲಿ ಮುಳುಗಿಸಿ ತಪ್ಪುಕಾಣಿಕೆ ಹಾಕಿಸಿದ್ರು. ಅವನು ಸತ್ತದ್ದಕ್ಕಲ್ಲ. ನಾನು ಹೆಸರೆತ್ತಿದ್ದಕ್ಕೆ. ಅವತ್ತಿಂದ ಈ ಬಾಯಿ ಮುಚ್ಚಿಕೊಂಡಿದೀನಿ. ಜನ ಎಂಥಾ ಸೊಸೆ ಅಂತ ಹೊಗಳಿದ್ರು.”

ನಮ್ಮಜ್ಜಿ ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿತ್ತು, ಸಿದ್ದುವಿನ ಮಣಿಕಟ್ಟು ಇನ್ನೂ ನನ್ನ ಹಿಡಿತದಲ್ಲಿತ್ತು.

ರವಿಚಂದ್ರ ಒಂದು ಹೆಜ್ಜೆ ಮುಂದೆ ಬಂದರು. “ಅಜ್ಜಿ, ತಪ್ಪು ತಿಳೀಬೇಡಿ. ಇಷ್ಟೂ ಹೇಳಿದ್ರಿ, ಹೆಸರು ಮಾತ್ರ ಹೇಳಲಿಲ್ಲ. ನಾಳೆ ಯಾರೂ ತಕರಾರು ತೆಗೀಬಾರದು. ಅವತ್ತು ಏನಂತ ಕೂಗಿದ್ರಿ, ಒಂದ್ಸಲ ಬಾಯಿಬಿಟ್ಟು ಹೇಳಿಬಿಡಿ. ಟೆಂಪೋ ವಾಪಸ್ ಕಳಿಸ್ತೀನಿ.”

ಚಂಪಕಮ್ಮನ ತುಟಿ ಅಲುಗಿತು, ಮಾತು ಬರಲಿಲ್ಲ. ಮತ್ತೆ ಅಲುಗಿತು. ಅರವತ್ತು ವರ್ಷ ಕಚ್ಚಿಹಿಡಿದ ಬಾಯಿ, ಅಷ್ಟು ಸುಲಭಕ್ಕೆ ಎಲ್ಲಿ ಬಿಟ್ಟೀತು? ಹರಿಪ್ರಸಾದ್ ತಲೆ ತಗ್ಗಿಸಿ ನಿಂತಿದ್ದರು. ಚಂಪಕಮ್ಮ ಒಮ್ಮೆ ಫ್ಲೆಕ್ಸಿನತ್ತ ನೋಡಿದರು. ನಂತರ ಅದಕ್ಕೆ ಬೆನ್ನು ಹಾಕಿ, ಗದ್ದೆಯಾಚೆ ಹೊಳೆ ಇದ್ದ ಕಡೆಗೆ ತಿರುಗಿದರು. ತಲೆಯ ಮೇಲಿನ ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ.

“ನಂಜುಂಡಯ್ಯಾ!”

ಅಷ್ಟು ತೆಳ್ಳಗಿನ ಹೆಂಗಸಿನೊಳಗೆ ಅಂಥ ಕೂಗು ಇದ್ದೀತೆಂದು ಯಾರೂ ಎಣಿಸಿರಲಿಲ್ಲ. ಅರಳಿಮರದ ಕಾಗೆಗಳು ಎದ್ದುಹೋದವು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಹೆಸರು ಹಿಡಿದು ಕರೆದರೆ ಓಗೊಡಬೇಕು, ಅದು ನಮ್ಮ ಕಡೆಯ ರೂಢಿ. ಓಗೊಡಬೇಕಾದವನು ಇರಲಿಲ್ಲ. ಆದರೂ ಎಲ್ಲರೂ ಕಾಯುತ್ತಿರುವವರ ಹಾಗೆ ನಿಂತರು.

“ಓ...” ಎಂದಳು ನಮ್ಮಜ್ಜಿ, ಕಂಬ ಬಿಟ್ಟು ಮುಂದೆ ಬಂದು. “ಬಂದೆ ಕಣ್ರವ್ವಾ.”

ಸಿದ್ದುವಿನ ಕೈಯಿಂದ ಕಲ್ಲು ಕೆಳಗೆ ಬಿತ್ತು. ಹರಿಪ್ರಸಾದ್ ತಾವೇ ಹೋಗಿ ಟೆಂಪೋದವನಿಗೆ ಗಾಡಿ ತಿರುಗಿಸಲು ಹೇಳಿದರು.